ವಲ್ಲಿಯ ಕೆಳಗಿನ ಬೆರಳುಗಳು

ಹಾನ್ಸ್ ಅಣ್ಣನವರಿಗೆ, ಮಾನ್ವಿಯ ಬಸಣ್ಣನ ನಮಸ್ಕಾರ. ಇಲ್ಲದವರಿಗೆ ಕಾಗದ ಬರೆಯುವ ಹುಚ್ಚು ಎಂದು ಮನೆಯವಳು ಬೈಯುತ್ತಿದ್ದಾಳೆ. ಬೈಯಲಿ ಬಿಡಿ.

ನೀವು ಮೊದಲ ಸಲ ರಾಯಚೂರಿನ ಹತ್ತಿಪೇಟೆಗೆ, ನಮ್ಮ ಗಂಜ್‌ಗೆ ಬಂದ ದಿನ ನೆನಪಿದೆಯೇ? ದಲಾಲನಾದ ನಾನು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಮುಚ್ಚಿ, ಅದರ ಕೆಳಗೆ ವ್ಯಾಪಾರಿಯ ಬೆರಳು ಹಿಡಿದು, ಬಾಯಿ ಬಿಡದೆ ಹತ್ತಿಯ ದರ ಕುದುರಿಸುತ್ತಿದ್ದೆ. ನೀವು ಬಗ್ಗಿ ವಲ್ಲಿಯನ್ನೇ ಎತ್ತಿಬಿಟ್ಟಿರಿ! "ಏನ್ರೀ ಸಾಹೇಬ್ರ, ಉಣ್ಣಾಕ ಕುಂತವ್ನ ಗಂಗಾಳ ಎಳದಂಗ ಆತಲ್ರೀ!" ಎಂದೆ. ಇಡೀ ಗಂಜ್ ನಕ್ಕಿತು. ನೀವು ಕೆಂಪಾಗಿ ಕೈಮುಗಿದಿರಿ.

ಕೆಲವು ತಿಂಗಳ ಮೇಲೆ ದೇವದುರ್ಗದ ದಾರಿಯಲ್ಲಿ, ಬಂಡಿಯಲ್ಲಿ ಕುಳಿತು ನಿಮ್ಮ ಕಥೆ ಹೇಳಿದಿರಿ. ಜರ್ಮನಿಯ ಪತ್ರಿಕೆಯಲ್ಲಿ ವರ್ಷಗಟ್ಟಲೆ ಪೇಟೆಯ ಸುದ್ದಿ ಬರೆದದ್ದು, ಸರ್ಕಾರ ಕೊಟ್ಟ ಸುಳ್ಳು ದರ ಅಚ್ಚು ಹಾಕಲು ಒಲ್ಲೆನೆಂದು ಕೆಲಸ ಕಳೆದುಕೊಂಡದ್ದು, ಮುಂಬಯಿಯ ಪತ್ರಿಕೆಯೊಂದಕ್ಕೆ ನಮ್ಮ ಹತ್ತಿಯ ಬಗ್ಗೆ ಬರೆಯಲು ಬಂದದ್ದು. "ಹೊಟ್ಟಿ ತುಂಬೂದಿಲ್ಲ ಬಸಣ್ಣ, ಆದ್ರ ನಿದ್ದಿ ಬರ್ತದ" ಎಂದು, ಅಷ್ಟೊತ್ತಿಗೆ ಕಲಿತಿದ್ದ ನಮ್ಮ ಮಾತಿನಲ್ಲೇ ಅಂದಿರಿ. ಆ ಮಾತಿಗೆ ಸೋತುಹೋದೆ. ನಿಮ್ಮ ಕೈ ಹಿಡಿದು ಬೆರಳಿನ ಗುಟ್ಟೆಲ್ಲ ಕಲಿಸಿದೆ. ಹೊರಗಿನವರಿಗೆ ಅದನ್ನು ಹೇಳಿಕೊಟ್ಟ ದಲಾಲನಿಗೆ ವಲ್ಲಿಯ ಕೆಳಗೆ ಮತ್ತೆ ಯಾರೂ ಕೈ ಚಾಚುವುದಿಲ್ಲ. ಗೊತ್ತಿದ್ದೂ ಕಲಿಸಿದೆ. ನೀವು ಪುಸ್ತಕದಲ್ಲಿ ಬೆರಳುಗಳ ಚಿತ್ರ ಬರೆದುಕೊಂಡಿರಿ.

ಇಂಗ್ಲಿಷರಿಗೂ ನಿಮ್ಮ ದೇಶಕ್ಕೂ ಯುದ್ಧ ಜೋರಾದ ವರ್ಷ, ಪೊಲೀಸ್ ಅಮೀನ ಆ ಪುಸ್ತಕ ಹಿಡಿದು, ನಿಮ್ಮನ್ನೂ ಕರೆದುಕೊಂಡು ಗಂಜ್‌ಗೆ ಬಂದ ಬೆಳಗು... "ದುಶ್ಮನ್‌ಗೆ ಕಳಸೂ ನಿಶಾನಿ ಏನ್ಲೇ ಇವು? ಯಾರಿಗರ ಗೊತ್ತದ ಏನು?" ಎಂದು ಗದರಿದ. ಸುತ್ತ ದಲಾಲರೆಲ್ಲ ನಿಂತಿದ್ದರು. ಇವು ಹತ್ತಿಯ ದರದ ಬೆರಳು, ನಾನೇ ಕಲಿಸಿದ್ದು ಎಂದರೆ ಸಾಕಿತ್ತು. ನನ್ನ ನಾಲಿಗೆ ಏಳಲಿಲ್ಲ. ಅವನು ನಿಮ್ಮನ್ನು ಕೇಳಿದಾಗ, "ಸುದ್ದಿ ಕೊಟ್ಟವ್ರ ಹೆಸರು ನಾ ಹೇಳೂದಿಲ್ರೀ" ಎಂದಿರಿ. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ? ಏನೋ...

ಎಂಟು ದಿನ ಕಳೆದ ಮೇಲೆ ಅಮೀನನ ಮನೆಗೆ ಹೋಗಿ ಎಲ್ಲ ಹೇಳಿದೆ. "ಈಗ ಬಂದಿ ಏನಪಾ? ಅವ್ನ ದೂರದ ಕೈದಿಗಳ ಕ್ಯಾಂಪಿಗೆ ಒಯ್ದಾರ. ನನ್ನ ಕೈಯಾಗ ಏನೂ ಇಲ್ಲ" ಎಂದ. ಅರ್ಜಿ ಬರೆಸಿದೆ, ಮತ್ತೆ ಬರೆಸಿದೆ. ಜವಾಬು ಬರಲಿಲ್ಲ. ಜ್ವರದಲ್ಲಿ ನೀವು ಹೋದ ಸುದ್ದಿ ಬಂತು. ಹೆಣಕ್ಕೆ ಹೆಗಲು ಕೊಡುವ ಭಾಗ್ಯವೂ ನನಗಿಲ್ಲವಾಯಿತು.

ಮೊನ್ನೆ ಮಾನ್ವಿಯ ಮಾಸ್ತರರು ಒಂದು ಇಂಗ್ಲಿಷ್ ಕಾಗದ ಓದಿ ಹೇಳಿದರು. ಯುದ್ಧ ಮುಗಿದ ಮೇಲೆ ನಿಮ್ಮ ತಂಗಿ ಬರೆದದ್ದು, ಅಣ್ಣಾ. ನೀವು ಕ್ಯಾಂಪಿನಿಂದ ಆಕೆಗೆ ಬರೆದಿದ್ದಿರಂತೆ: ರಾಯಚೂರಿನಲ್ಲಿ ಮಾನ್ವಿಯ ಗೆಳೆಯ ಬಸಣ್ಣ ಎಲ್ಲರೆದುರು ನನ್ನ ಪರವಾಗಿ ಸತ್ಯ ಹೇಳಿದ, ಯಾರೂ ಕೇಳಲಿಲ್ಲ ಎಂದು. ಅದಕ್ಕೆ ಆಕೆ ನನಗೆ ಕೈಮುಗಿದಿದ್ದಾಳೆ.

ಹೀಗೇಕೆ ಬರೆದಿರಿ? ನಾನೇನು ಮಾಡಲಿ ಈಗ? ಮಾಸ್ತರರು, "ಸುಮ್ನಿರು ಬಸಣ್ಣ, ಆಕಿಗೆ ಅಷ್ಟರ ಸಮಾಧಾನ ಇರ್ಲಿ" ಎನ್ನುತ್ತಾರೆ. ಸುಮ್ಮನಿದ್ದದ್ದು ಸಾಕು. ನಾಳೆ ಅವರ ಮುಂದೆ ಕುಳಿತು ಉತ್ತರ ಬರೆಸುತ್ತೇನೆ: ತಂಗೀ, ನಿನ್ನ ಅಣ್ಣನನ್ನು ಒಯ್ಯುವಾಗ ಅವನ ಗೆಳೆಯ ಅಲ್ಲೇ ನಿಂತಿದ್ದ. ಏನೂ ಹೇಳಲಿಲ್ಲ.