ಪೆಟ್ಟಿಗೆಯ ಮುಂದಿನ ಜಾಗ

ಮಾರೇನಹಳ್ಳಿ, ವಿಜಯನಗರ
೨೪ ಏಪ್ರಿಲ್ ೨೦೨೫

ಪ್ರೀತಿಯ ಶೋಭಾರಾಣಿಗೆ,

ನಾನು ಆರೋಗ್ಯವಾಗಿದ್ದೇನೆ. ನಿನ್ನ ಕಾಲು ಹೇಗಿದೆ? ಪಟ್ಟಿ ಬಿಚ್ಚಿದ ಮೇಲೂ ಊರಿ ನಡೆಯಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರುವುದಿಲ್ಲ ಎಂದು ನನಗೆ ಗೊತ್ತು. ತುಮಕೂರಿನಲ್ಲೂ ಬಿಸಿಲು ಜಾಸ್ತಿಯಂತೆ. ಮಧ್ಯಾಹ್ನ ಅಂಗಳಕ್ಕೆ ಇಳಿಯಬೇಡ.

ನಾಟಕ ಹೇಗಾಯಿತು ಎಂದು ನೀನು ಸೊಸೆ ಐಶ್ವರ್ಯಳ ಫೋನಿನಿಂದ ಮೂರು ಸಲ ಕೇಳಿಸಿದ್ದೀಯ. ನಾನು ಉತ್ತರ ಕೊಡಲಿಲ್ಲ, ತಪ್ಪಾಯಿತು. ಫೋನಿನಲ್ಲಿ ಹೇಳಲು ಹೋದರೆ ಕೂಗಾಡಿಬಿಡುತ್ತೇನೆ, ಮೇಲಿನ ಪೋರ್ಷನ್ನಿನವರಿಗೆಲ್ಲ ಕೇಳಿಸುತ್ತದೆ. ಬರೆಯೋಣವೆಂದು ಕೂತು ಎರಡು ಹಾಳೆ ಹರಿದುಹಾಕಿದೆ. ಇದು ಮೂರನೆಯದು. ಕೇಳಿದ್ದೀಯಲ್ಲ, ಹೇಳುತ್ತೇನೆ.

ಅಪ್ಪ ಹೋದ ಮೇಲೆ ಈ ಹನ್ನೊಂದು ವರ್ಷ ನಾನು ಅವರ ಹಾರ್ಮೋನಿಯಂ ಹಿಡಿದು ಮಕ್ಕಳಿಗೆ, ಭಜನೆ ಮಂಡಳಿಗಳಿಗೆ ಪಾಠ ಹೇಳಿಕೊಂಡೇ ಬಂದೆ. ಇಡೀ ನಾಟಕಕ್ಕೆ ಮೇಷ್ಟ್ರಾಗಿ ಕೂರುವುದು ಇದೇ ಮೊದಲು. ಅದೂ ಅಪ್ಪನೇ ಬರೆದು ರಾಗ ಹಾಕಿದ ‘ಕಲ್ಲುದುರ್ಗದ ದೊರೆ’. ದಸರಾ ಮುಗಿದ ವಾರ ಹೆಗ್ಗನಹಳ್ಳಿಯ ದೊಡ್ಡಣ್ಣನವರು ಮನೆಗೇ ಬಂದು, “ನಿಮ್ಮಪ್ಪಾರ ನಾಟ್ಕಾನ ನೀವೇ ಕಲಿಸ್ಬೇಕು ಮೇಡಂ, ಬೇರೆಯೋರಿಗೆ ಆ ಮಟ್ಟು ಎಲ್ಲಿಂದ ಬರ್ಬೇಕು” ಎಂದಾಗ ನಾನು ಒಳಗೆ ಹೋಗಿ ಅಪ್ಪನ ಫೋಟೋಗೆ ಕೈಮುಗಿದು ಬಂದೆ. ನಿನಗೂ ಅವತ್ತೇ ಫೋನ್ ಮಾಡಿದ್ದೆ. ರಾಣಿ ಪಾತ್ರಕ್ಕೆ ನಿನ್ನನ್ನೇ ಕರೆಸಬೇಕೆಂದು ಹಟ ಹಿಡಿದವಳೂ ನಾನೇ. ಆಮೇಲೆ ನೀನು ಕಾಲು ಮುರಿದುಕೊಂಡು ಆಡಲಾಗದೆ ಹೋದದ್ದು ಬೇರೆ ಮಾತು.

ಆರು ತಿಂಗಳು. ವಾರಕ್ಕೆ ಮೂರು ಸಂಜೆ. ಸ್ಕೂಟರಿನ ಮುಂದೆ, ಕಾಲಿಡುವ ಜಾಗದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ನಿಲ್ಲಿಸಿಕೊಂಡು, ಮಂಡಿ ಅಗಲಿಸಿ, ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಹೋಗಿಬರುತ್ತಿದ್ದೆ. ದೊಡ್ಡಣ್ಣನವರ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಹದಿನಾಲ್ಕು ಜನ. ಒಬ್ಬನಿಗೂ ಸಂಗೀತದ ಗಂಧವಿಲ್ಲ. ದೊರೆ ಪಾತ್ರದ ದೊಡ್ಡಣ್ಣನವರಿಗೆ ಅರವತ್ತು ದಾಟಿದೆ, ಗಂಟಲು ಮೇಲೇರುವುದಿಲ್ಲ. ಅವರ ಪದ್ಯಗಳಿಗೆಲ್ಲ ಶ್ರುತಿಯನ್ನು ಒಂದು ಮನೆ ಇಳಿಸಿ, ಅವರಿಗೆ ಅವಮಾನವಾಗದ ಹಾಗೆ, “ಇದೇ ನಿಮ್ಮ ಗತ್ತಿಗೆ ಒಪ್ಪೋದು ಸಾರ್” ಎಂದು ನಂಬಿಸಿದ್ದೆ. ಸೇನಾಪತಿಯ ಪಾತ್ರ ಭೈರೇಶನದು. ಗೂಡ್ಸ್ ಆಟೋ ಓಡಿಸುವವನು. ಅವನ ಗಂಟಲು ಮಾತ್ರ ದೇವರು ಕೊಟ್ಟದ್ದು, ಆದರೆ ಉಸಿರು ಸಾಲಿನ ಕೊನೆಯವರೆಗೆ ಬರುತ್ತಿರಲಿಲ್ಲ. ಕೊನೆಯ ಪದ್ಯದ ಮೂರನೇ ಸಾಲಿನಲ್ಲಿ ಪ್ರತಿಸಲವೂ ಕಡಿದುಬೀಳುತ್ತಿತ್ತು. ಅಲ್ಲಿ ನಾನು ಬೈದಷ್ಟು ನನ್ನ ಹೊಟ್ಟೆಯಲ್ಲಿ ಹುಟ್ಟಿದವರನ್ನೂ ಬೈದಿಲ್ಲ.

ಏಪ್ರಿಲ್ ಹದಿಮೂರು, ಭಾನುವಾರ. ರಾಮನವಮಿಯ ಚಪ್ಪರ ಬಿಚ್ಚಿದ ಮೈದಾನದಲ್ಲೇ ರಂಗ ಕಟ್ಟಿದ್ದರು. ಮೈಕಿಗೆ ಹತ್ತು ಗಂಟೆಯವರೆಗೆ ಮಾತ್ರ ಪರ್ಮಿಷನ್ ಎಂದು ನಾಟಕ ಸಂಜೆ ನಾಲ್ಕಕ್ಕೇ ಶುರು. ನಾನು ಎರಡು ಗಂಟೆಗೆ ಹೋದೆ. ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ. ರಂಗದ ಮುಂದೆ, ಮೇಷ್ಟ್ರ ಜಾಗದಲ್ಲಿ, ಜಮಖಾನದ ಮೇಲೆ ಪೆಟ್ಟಿಗೆ ಇಟ್ಟು, ತಬಲಾದವರಿಗೆ ನಮಸ್ಕಾರ ಹೇಳಿ ಕೂತೆ. ಅಷ್ಟರಲ್ಲಿ ನಿರೂಪಣೆ ಮಾಡುವ ಯಶ್ವಂತ್ ಕರಪತ್ರ ಕೊಟ್ಟ. ‘ರಚನೆ: ದಿವಂಗತ ನಂಜುಂಡಪ್ಪ’ ಎಂದು ಅಪ್ಪನ ಹೆಸರು ದೊಡ್ಡದಾಗಿಯೇ ಇತ್ತು. ಗಂಡಸು, ಅದೂ ಸತ್ತವರು, ಯಾರಿಗೂ ತೊಂದರೆಯಿಲ್ಲ. ಅದರ ಕೆಳಗೆ ‘ಸಂಗೀತ ನಿರ್ದೇಶನ: ವಿದ್ವಾನ್ ಲಕ್ಷ್ಮೀಪತಿ, ಕೆಂಗೇರಿ’. ನನ್ನ ಹೆಸರು ಹುಡುಕಿದೆ ಕಣೇ. ಕಟ್ಟಕಡೆಗೆ, ‘ಸಹಕಾರ’ ಎನ್ನುವಲ್ಲಿ, ಶಾಮಿಯಾನದವರಿಗೂ ಟೀ ಸರಬರಾಜು ಮಾಡಿದವರಿಗೂ ನಡುವೆ ‘ಶ್ರೀಮತಿ ಕುಸುಮಾ’ ಎಂದಿತ್ತು.

ದೊಡ್ಡಣ್ಣನವರು ಅರ್ಧ ಬಣ್ಣ ಬಳಿದುಕೊಂಡೇ ಬಂದರು. “ಬೇಜಾರ್ ಮಾಡ್ಕೋಬೇಡಿ ಮೇಡಂ. ಎಮ್ಮೆಲ್ಲೆ ಬರ್ತಾವ್ರೆ, ಯೂಟ್ಯೂಬ್ ಲೈವ್ ಬೇರೆ ಮಡಗಿದೀವಿ. ಮುಂದ್ಗಡೆ ಒಬ್ರು ಗಂಡಸ್ರು ಕೂತ್ರೆ ಒಂದು ಗತ್ತು. ನೀವು ಒಳಗಿದ್ದು ನಮ್ಮೋರಿಗೆ ಪದ್ಯ ನೆನಪು ಮಾಡಿ. ಅದೂ ದೊಡ್ ಕೆಲ್ಸಾನೇ ಅಲ್ವಾ?”

“ಅವರು ಒಂದು ದಿನ ಪ್ರಾಕ್ಟೀಸಿಗೆ ಬಂದಿಲ್ಲ” ಎಂದೆ.

“ಲಕ್ಷ್ಮೀಪತಿ ಮೇಷ್ಟ್ರಿಗೆ ಪ್ರಾಕ್ಟೀಸ್ ಯಾಕ್ರಮ್ಮಾ? ನೂರಾರು ನಾಟ್ಕ ಆಡ್ಸವ್ರೆ.”

ನೂರಾರು ನಾಟಕ ಆಡಿಸಿದ ಮಹಾಶಯ ಬೈಕಿನಲ್ಲಿ ಕೈಬೀಸಿಕೊಂಡು ಬಂದಿದ್ದ. ಹಾರ್ಮೋನಿಯಂ ಕೂಡ ತಂದಿರಲಿಲ್ಲ. “ನಿಮ್ ಪೆಟ್ಟಿಗೇನೇ ಇರ್ಲಿ ಬಿಡಮ್ಮ, ಚೆನ್ನಾಗೇ ಇದೆ” ಎಂದು ನನ್ನ ಎದುರಿಗೇ ಅದರ ಮುಂದೆ ಕೂತ.

ಅವತ್ತೇ, ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಹದಿನಾಲ್ಕು ಜನ ಪಾಪ ಬಣ್ಣ ಹಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಹಲ್ಲು ಕಚ್ಚಿ ಒಳಗೆ ಹೋಗಿ ಪರದೆ ಪಕ್ಕ ನಿಂತೆ.

ಎರಡನೇ ಸೀನಿನಲ್ಲಿ ದೊರೆಯ ಮೊದಲ ಪದ್ಯ. ಲಕ್ಷ್ಮೀಪತಿ ಪೆಟ್ಟಿಗೆಯಲ್ಲಿ ತನಗೆ ಒಗ್ಗಿದ ಶ್ರುತಿ ಹಿಡಿದ. ದೊಡ್ಡಣ್ಣನವರ ಧ್ವನಿ ಮೇಲೇರಲು ಹೋಗಿ ಸೀಳಿ ಕೀಚಲಾಯಿತು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಇನ್ನೊಂದು ಸಲ ಎತ್ತಿಕೊಂಡರು, ಇನ್ನೊಂದು ಸಲ ಒಡೆಯಿತು. ಮೂರನೆಯ ಸಲ ಪದ್ಯ ಬಿಟ್ಟು ಬರೀ ಮಾತಿನಲ್ಲಿ ಮುಗಿಸಿ ಒಳಗೆ ಬಂದವರು ಕಿರೀಟ ಕಿತ್ತು ಬೆಂಚಿನ ಮೇಲೆ ಕುಕ್ಕಿ, ಎಲ್ಲರ ಎದುರು ನನ್ನ ಮೇಲೆ ಹರಿಹಾಯ್ದರು.

“ಇದೇನ್ರೀ ನೀವು ಕಲ್ಸಿದ್ದು? ಆರ್ ತಿಂಗ್ಳು ಏನ್ ಮಾಡಿದ್ರಿ? ಊರ್ ಮುಂದೆ ಮಾನ ಕಳೆದ್ರಲ್ಲ!”

“ನಾನು ಕಲಿಸಿದ ಶ್ರುತಿ ಅದಲ್ಲ. ಮುಂದೆ ಗತ್ತಾಗಿ ಕೂತಿದ್ದಾರಲ್ಲ, ಅವರನ್ನ ಕೇಳಿ” ಎಂದೆ.

“ಸುಮ್ನಿರ್ರೀ, ಮಾತಿಗ್ ಮಾತು ಕೊಡ್ಬೇಡಿ” ಎಂದರು.

ಅದಾದ ಮೇಲೆ ಸನ್ಮಾನ. ಎಮ್ಮೆಲ್ಲೆ ಬರಲಿಲ್ಲ, ಅವರ ಕಡೆಯವರಾರೋ ಬಂದರು. ಯಶ್ವಂತ್ ಮೈಕ್ ಹಿಡಿದು, “ಆರು ತಿಂಗಳು ಹಗಲಿರುಳು ಶ್ರಮಿಸಿ ನಮ್ಮ ಕಲಾವಿದರನ್ನು ತಯಾರು ಮಾಡಿದ ಗುರುಗಳು” ಎಂದು ಲಕ್ಷ್ಮೀಪತಿಯನ್ನು ಕರೆದ. ಅವನು ಎದ್ದು ಹೋಗಿ ಶಾಲು ಹೊದಿಸಿಕೊಂಡ, ಪೇಟ ತೊಡಿಸಿಕೊಂಡ. ಅಲ್ಲ ಎನ್ನಲಿಲ್ಲ ಶೋಭಾ. ಒಂದು ಮಾತು, ನಾನಲ್ಲ ಈ ತಾಯಿ ಎಂದು ಕೈ ತೋರಿಸಬಹುದಿತ್ತು. ನಗುತ್ತಾ ಪೇಟ ಸರಿಮಾಡಿಕೊಂಡ.

ನಾನು ಪರದೆ ಸರಿಸಿ, ಮೆಟ್ಟಿಲಿಳಿದು, ಜನರ ಕಣ್ಣೆದುರೇ ಪೆಟ್ಟಿಗೆಯ ಹತ್ತಿರ ಹೋಗಿ ಅದರ ತಿದಿ ಮುಚ್ಚಿ ಕೊಂಡಿ ಹಾಕಿದೆ. ಲಕ್ಷ್ಮೀಪತಿ ಶಾಲಿನ ಸಮೇತ ಓಡಿಬಂದ.

“ಏನಮ್ಮಾ ಇದು? ಇನ್ನೂ ಮೂರು ಸೀನ್ ಇದೆ!”

“ಆರು ತಿಂಗಳು ಹಗಲಿರುಳು ಕಲಿಸಿದ್ದೀರಲ್ಲ ಸಾರ್, ಬಾಯಲ್ಲೇ ನುಡಿಸಿ. ಇದು ನಮ್ಮಪ್ಪಂದು.”

ಮುಂದಿನ ಸಾಲಿನ ಹೆಂಗಸರು ಕೆಲವರು ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಹೆಮ್ಮೆಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪೆಟ್ಟಿಗೆ ಎತ್ತುವಾಗ ರಂಗದ ಪಕ್ಕದಲ್ಲಿ ಸೇನಾಪತಿಯ ವೇಷದಲ್ಲಿ ನಿಂತಿದ್ದ ಭೈರೇಶನನ್ನು ನೋಡಿದೆ. ಅವನ ಬಾಯಿ ಅರ್ಧ ತೆರೆದಿತ್ತು. ನೋಡಿಯೂ ಹೊರಟೆ.

ರಸ್ತೆಯಂಚಿನಲ್ಲಿ ಸ್ಕೂಟರಿಗೆ ಪೆಟ್ಟಿಗೆ ಕಟ್ಟಲು ಹಗ್ಗ ಬಿಗಿಯುತ್ತಿದ್ದೆ. ಅಷ್ಟು ಹೊತ್ತಿಗೆ ಮುಂದಿನ ಸೀನು ಶುರುವಾಗಿ, ಮೈಕಿನಲ್ಲಿ ಭೈರೇಶನ ಕೊನೆಯ ಪದ್ಯ ಕೇಳಿಬಂತು. ಹಾರ್ಮೋನಿಯಂ ಇಲ್ಲ, ಬರೀ ತಬಲಾ. ನಾನು ಹಗ್ಗ ಬಿಟ್ಟು ನಿಂತೆ. ಶ್ರುತಿ ಒಂದು ಕೂದಲೆಳೆ ಅಲುಗಲಿಲ್ಲ. ಮೂರನೇ ಸಾಲಿನಲ್ಲಿ ಉಸಿರು ಕಡಿಯಲಿಲ್ಲ, ಸಾಲು ಮುಗಿಸಿಯೇ ಇಳಿಯಿತು. ಮೈದಾನವೆಲ್ಲ ಒನ್ಸ್ ಮೋರ್ ಎಂದು ಕೂಗಿತು. ಅಪ್ಪನ ರಾಗವನ್ನು ಅಪ್ಪನ ಹಾಗೇ ಹಾಡಿದ, ನಾನು ಹೊಂಗೆಮರದ ಕೆಳಗೆ ಕಳ್ಳಿಯ ಹಾಗೆ ನಿಂತು ಕೇಳಿದೆ.

ಮಾರನೆಯ ದಿನ ಭೈರೇಶ ಆಟೋ ತಂದು ಮನೆಮುಂದೆ ನಿಲ್ಲಿಸಿದ. ಹೊಗಳಲು ಬಂದನೆಂದುಕೊಂಡು ಕಾಫಿಗೆ ನೀರಿಟ್ಟೆ.

“ಕಾಫಿ ಬ್ಯಾಡ ಮೇಡಂ. ಅವರು ಮಾಡಿದ್ದು ತಪ್ಪೇ. ಆದ್ರೆ ನಾವೇನ್ ಮಾಡಿದ್ವಿ? ಆ ಪೆಟ್ಟಿಗೆ ಎತ್ಕೊಂಡು ಹೋಗೋವಾಗ ನಾನು ಅಲ್ಲೇ ನಿಂತಿದ್ದೆ. ಒಂದ್ ಮಾತು ಹೇಳ್ದೆ ಹೊಂಟೋದ್ರಲ್ಲ” ಎಂದ.

“ಮೂರನೇ ಸಾಲು ಸರಿಬಂತು ಕಣೋ” ಎಂದೆ. “ಕೇಳಿಸ್ಕೊಂಡ್ರಾ?” ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಕಾಫಿ ಕುಡಿದು ಹೋದ. ಕ್ಷಮಿಸಿದನೋ ಇಲ್ಲವೋ ಗೊತ್ತಿಲ್ಲ. ಕಳೆದ ಗುರುವಾರದಿಂದ ಅವನೂ ಇನ್ನು ನಾಲ್ಕು ಜನರೂ ಪಾಠಕ್ಕೆ ಇಲ್ಲಿಗೇ ಬರುತ್ತಿದ್ದಾರೆ. ದೊಡ್ಡಣ್ಣನವರು ಮಾತ್ರ, ಈ ಹೆಂಗಸನ್ನು ಇನ್ನು ಯಾವ ಸಂಘವೂ ಕರೆಯದ ಹಾಗೆ ಮಾಡುತ್ತೇನೆ ಎಂದು ಸುಂಕದಕಟ್ಟೆಯವರೆಗೂ ಹೇಳಿಕೊಂಡು ಬಂದಿದ್ದಾರಂತೆ. ಹೇಳಲಿ. ನನಗೆ ಭಯ ಇಲ್ಲ, ಹೊಟ್ಟೆ ಮಾತ್ರ ಉರಿಯುತ್ತಿದೆ.

ಐಶ್ವರ್ಯಳಿಗೆ ಏಳು ತಿಂಗಳು ತುಂಬುತ್ತಿದೆ, ಭಾರ ಎತ್ತಿಸಬೇಡ. ಅವಳಿಗೆ ಸುಖವಾಗಿ ಹೆರಿಗೆಯಾಗಲಿ, ನಿನ್ನ ಮನೆಯಲ್ಲಿ ತೊಟ್ಟಿಲು ತೂಗಲಿ. ನಿನ್ನ ಕಾಲು ಮೊದಲಿನಂತಾಗಿ ಮತ್ತೆ ರಂಗದ ಮೇಲೆ ನಿಲ್ಲುವಂತಾಗಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ನಿನ್ನ
ಕುಸುಮಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕೆಂದು ಎರಡು ಸಲ ಹೊರಟು ನಿಲ್ಲಿಸಿಬಿಟ್ಟೆ. ಬಣ್ಣದ ಕೋಣೆಯಲ್ಲಿ, ಕಿರೀಟ ಕುಕ್ಕಿದ ಮೇಲೆ, ಆ ಲಕ್ಷ್ಮೀಪತಿಯನ್ನು ಕರೆಸುವ ಬುದ್ಧಿ ನಿಮಗೆ ಕೊಟ್ಟವರು ಯಾರು ಎಂದು ದೊಡ್ಡಣ್ಣನವರನ್ನು ಕೇಳಿದೆ. “ನಮ್ಮ ಐಡಿಯಾ ಅಲ್ಲ. ನಿಮ್ ಶೋಭಾರಾಣಿಯಮ್ಮನೇ ಫೋನ್ ಮಾಡಿದ್ದು. ಕುಸುಮಾ ಕಲ್ಸ್ಲಿ, ಮುಂದ್ಗಡೆ ಲಕ್ಷ್ಮೀಪತಿ ಕೂತ್ಕೊಳ್ಲಿ, ಹೆಂಗಸು ಕೂತ್ರೆ ಜನ ನಗ್ತಾರೆ ಅಂದ್ರು” ಎಂದರು. ನಾನು ನಂಬಲಿಲ್ಲ. ಫೋನ್ ತೆಗೆದು ತೋರಿಸಿದರು. ನಿನ್ನ ಹೆಸರು, ಮಾರ್ಚ್ ಹದಿನೆಂಟು, ಸಂಜೆ ಐದೂವರೆ. ಅವತ್ತು ಮಧ್ಯಾಹ್ನ ನಾನು ತುಮಕೂರಿನ ಆಸ್ಪತ್ರೆಯಲ್ಲಿ ನಿನ್ನ ಹಾಸಿಗೆಯ ಪಕ್ಕ ಕೂತು ನಿನಗೆ ತಲೆ ಬಾಚಿ ಜಡೆ ಹಾಕಿ ಬಂದಿದ್ದೆ. ಐದೂವರೆಗೆ ನಾನಿನ್ನೂ ಬಸ್ಸಿನಲ್ಲೇ ಇದ್ದೆ.

ಲಕ್ಷ್ಮೀಪತಿಯ ಕಡೆಯಿಂದ ನಿನಗೆ ವರ್ಷಕ್ಕೆ ಹತ್ತಿಪ್ಪತ್ತು ನಾಟಕ ಸಿಗುತ್ತದೆ ಎಂದು ನನಗೆ ಗೊತ್ತಿದೆ. ನನ್ನನ್ನೇ ಕೇಳಿದ್ದರೆ ನಿನಗೋಸ್ಕರ ನಾನೇ ಎದ್ದು ಆ ಜಾಗ ಅವನಿಗೆ ಬಿಟ್ಟುಕೊಡುತ್ತಿದ್ದೆ. ಬಿಟ್ಟುಕೊಡುತ್ತಿದ್ದೆ ಎನ್ನುವುದಕ್ಕೇ ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಕೋಪ ಬರುತ್ತಿದೆ. ನಿಜವೋ ಸುಳ್ಳೋ, ನಿನ್ನ ಕೈಯಾರೆ ಒಂದು ಸಾಲು ಬರೆ. ಐಶ್ವರ್ಯಳ ಫೋನಿನಿಂದ ಹೇಳಿಸಬೇಡ.