ಅವ್ವನ ಮಾತು ಕೇಳದ ಮದ್ದಿನ ಮೇಸ್ತ್ರಿಗೆ

ಅಪ್ಪ,

'ಪ್ರೀತಿಯ' ಎಂದು ಬರೆಯಲು ಕೈ ಏಳಲಿಲ್ಲ. ನೀನು ಸತ್ತು ವರ್ಷವಾಯಿತು. ನನ್ನ ಸಿಟ್ಟು ಇನ್ನೂ ಸತ್ತಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನೀನು ಕಲ್ಲುಕ್ವಾರಿಯ ಮದ್ದಿನ ಮೇಸ್ತ್ರಿಯಾದೆ. ಬಂಡೆಗೆ ಕುಳಿ ಹೊಡೆಸಿ, ಮದ್ದು ತುಂಬಿ, ಬತ್ತಿ ಹಚ್ಚಿ ಸಿಡಿಸುವವನು. ಕುಳಿ ಹೊಡೆಯುತ್ತಿದ್ದವನು ನಾನು. ಅವ್ವ ಕೆಳಗೆ ಕೂತು ಜಲ್ಲಿ ಕುಟ್ಟುತ್ತಿದ್ದಳು. ಯಾದವಗಿರಿಯ ಎಷ್ಟು ಬಂಗಲೆಗಳ ತಳದಲ್ಲಿ ಅವಳ ಜಲ್ಲಿ ಇದೆಯೋ. ಸದ್ದು ಜೋರಾದಷ್ಟೂ ನೀನು ಮೀಸೆ ತಿರುವುತ್ತಿದ್ದೆ. ಆದರೆ ಬೀಳುತ್ತಿದ್ದದ್ದೇನು? ಒಂದು ಕಡೆ ಬರೀ ಪುಡಿ, ಇನ್ನೊಂದು ಕಡೆ ಎತ್ತಿನ ಗಾತ್ರದ ಗುಂಡುಕಲ್ಲು.

ಆ ಬೆಳಿಗ್ಗೆ ನೆನಪಿದೆಯಾ? ಅವ್ವ ಬಂಡೆಯ ಮೈ ಸವರಿ ನೋಡಿ ನಿನಗೆ ಹೇಳಿದಳು: "ಎಡಗಡೆ ಬಿರುಕು ಐತೆ ಕಣ್ರೀ. ಮದ್ದಿನ ಕಸುವೆಲ್ಲ ಅದ್ರಲ್ಲೇ ಸೋರೋಯ್ತದೆ, ಗುಂಡೇ ಬೀಳೋದು. ಕುಳಿ ಒತ್ತೊತ್ತಾಗಿ ತೋಡ್ಸಿ, ಒಂದೊಂದ್ಕೂ ಮದ್ದು ಕಮ್ಮಿ ಆಕಿ."

ನೀನು ಎಲ್ಲರೆದುರು ನಕ್ಕೆ. "ಕಲ್ಲು ಕುಟ್ಟೋಳು ನಂಗೆ ಮದ್ದು ಕಲಿಸ್ತಾಳೆ ನೋಡ್ರಪ್ಪ."

ಅವಳು ಹೇಳಿದ ಕಡೆಯೇ ಗುಂಡು ಬಿತ್ತು. ಮಧ್ಯಾಹ್ನ ಅದನ್ನು ಒಡೆಯಲು ನೀನು ಅದರ ನೆತ್ತಿಯ ಮೇಲೆ ಮದ್ದಿಟ್ಟು, ಮಣ್ಣು ಮೆತ್ತಿ, ಆಳುಗಳು ದೂರ ಸರಿಯಲೆಂದು ಊದಬೇಕಾದ ಸೀಟಿ ಊದದೆಯೇ ಬತ್ತಿ ಹಚ್ಚಿದೆ. ಹಾರಿದ ಚೂರು ಅವ್ವನ ಬಲಗಣ್ಣು ತೆಗೆಯಿತು.

ಆಸ್ಪತ್ರೆಯ ಪಡಸಾಲೆಯಲ್ಲಿ ಕ್ವಾರಿ ಮಾಲೀಕರಿಗೆ ನೀನು ಹೇಳಿದ್ದೇನು? ಸೀಟಿ ಊದಿದ್ದೆ, ಅವಳೇ ಏಳಲಿಲ್ಲ ಎಂದು. ನಾನು ಪಕ್ಕದಲ್ಲೇ ನಿಂತಿದ್ದೆ. ನಿನಗೆ ಹೆದರಿ ಬಾಯಿ ಬಿಡಲಿಲ್ಲ. ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ. ಆಮೇಲೂ ನಾಲ್ಕು ವರ್ಷ ಅವಳು ನಿನಗೆ ಮುದ್ದೆ ಬಡಿಸಿದಳು. ಒಂದೇ ಒಂದು ದಿನವಾದರೂ ನೀನು ಅವಳ ಮುಖ ನೋಡಿ...

ನೀನು ಹೋದ ಮೇಲೆ ನನ್ನನ್ನೇ ಮೇಸ್ತ್ರಿ ಮಾಡಿದರು. ಮೊದಲ ದಿನವೇ ಆಳುಗಳನ್ನೆಲ್ಲ ಸೇರಿಸಿ, ಅವತ್ತು ಸೀಟಿ ಊದಿರಲಿಲ್ಲ ಎಂದು ಹೇಳಿದೆ. ಆಮೇಲೆ ಅವ್ವನನ್ನು ಬಂಡೆಯ ಹತ್ತಿರ ಕರೆದೊಯ್ದೆ. ಅಂಗೈ ಆಡಿಸಿ, ಎಲ್ಲಿ ಎಷ್ಟು ದಪ್ಪದ ಕಲ್ಲು ಬೀಳುತ್ತದೆ ಎಂದು ಹೇಳುತ್ತ ಹೋದಳು. ಅವಳು ತೋರಿಸಿದಲ್ಲಿ ಕುಳಿ ಹೊಡೆಸಿದೆ, ಅರ್ಧದಷ್ಟೇ ಮದ್ದು ಹಾಕಿ ಕುಳಿಯ ಬಾಯಿಗೆ ಜೇಡಿಮಣ್ಣು ಬಿಗಿದೆ. ಸದ್ದು ಸಣ್ಣದಾಯಿತು, ಕೆಟ್ಟೇ ಹೋಯಿತು ಅಂದುಕೊಂಡರು ಎಲ್ಲರೂ. ಧೂಳು ಇಳಿದಾಗ ನೋಡಿದರೆ ಒಬ್ಬಾಳು ಎತ್ತುವಂಥ ಕಲ್ಲುಗಳೇ. ಗುಂಡು ಬರೀ ಎರಡು.

ಅವ್ವನಿಗೆ ಅದೂ ಸಾಲದು. "ಈ ಎರ್ಡು ನಾನು ಅಂದ್ಕೊಂಡಿರ್ಲಿಲ್ಲ ಕಣೋ. ನಾಳೀಕೆ ಕುಳಿ ಇನ್ನೊಂದ್ ಗೇಣು ಈಚೆ ತರಾನ."

ದಿನದಿನಕ್ಕೆ ಗುಂಡು ಕಮ್ಮಿಯಾಗಿ, ಈಗ ಮೂರು ತಿಂಗಳಿಂದ ಗುಂಡಿನ ನೆತ್ತಿಗೆ ಮದ್ದಿಡುವ ಕೆಲಸವೇ ನಿಂತಿದೆ. ಮೊನ್ನೆ ಮಾಲೀಕರು ಬಂದು, ಅಪ್ಪನ ಕೈಗುಣ ಬಂದಿದೆ ನಿನಗೆ ಎಂದು ಬೆನ್ನು ತಟ್ಟಿದರು.

"ಅಲ್ಲ ಸ್ವಾಮಿ," ಎಂದೆ, "ಇದು ನಮ್ಮವ್ವ ಕಲಿಸಿದ್ದು."

ಕೇಳಿದವರಿಗೆಲ್ಲ ಹೀಗೆಯೇ ಹೇಳುತ್ತೇನೆ. ನಾನು ಸಾಯುವವರೆಗೂ.

ಅವ್ವನ ಮಗ,
ಮಾದೇವ