ಓರೆಗೆರೆ ಯಾರ ಪಾಲಾಯಿತು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಹೋದ ವಾರ ಫೋನಿನಲ್ಲಿ ನಿನ್ನ ಮೇಲೆ ಹಾರಾಡಿದ್ದಕ್ಕೆ ಮುಖ ಊದಿಸಿಕೊಂಡು ಕೂತಿದ್ದೀಯೆಂದು ಅಕ್ಕ ಹೇಳಿದಳು. "ಆ ಹೆಸರನ್ನ ಯಾರ್ಯಾರಿಗೆ ಹೇಳಿದೆ?" ಎಂದು ಪೊಲೀಸರ ಹಾಗೆ ಕೇಳಿದೆನಂತೆ. ಕೇಳಿದ್ದು ನಿಜ. ನಿನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದೂ ನಿಜ. ಆದರೆ ಈ ಸಲ ತಪ್ಪು ನಿನ್ನದಲ್ಲ.

ಪತ್ರ ಬರೆಯಲು ಕಾರಣವಿದೆ. ಈಚೆಗೆ ನಾನು ಫೋನ್ ಕಿವಿಗಿಟ್ಟಾಗಲೆಲ್ಲ ನಿನ್ನ ಅಳಿಯನಿಗೆ ಬಾಯಾರಿಕೆಯಾಗುತ್ತದೆ. ಲೋಟ ಹಿಡಿದು ಅಲ್ಲೇ ಬಾಗಿಲಿಗೊರಗಿ ನಿಲ್ಲುತ್ತಾರೆ. ಗುಟುಕು ಮಾತ್ರ ಇಳಿಯುವುದಿಲ್ಲ.

ಕಚೇರಿ ಬಿಟ್ಟು ಸ್ವಂತಕ್ಕೆ ವಿನ್ಯಾಸದ ಕೆಲಸ ಹಿಡಿದ ಮೇಲೆ, ಮಾಡಿದ್ದನ್ನೆಲ್ಲ ಒಂದೆಡೆ ತೋರಿಸಲು ವೆಬ್‌ಸೈಟ್ ಬೇಕಾಗಿತ್ತು. ಎಡಗೈಯಲ್ಲಿ ಎಳೆದದ್ದೆಲ್ಲ ಓರೆ ಎಂದು ಅಪ್ಪ ನಗುತ್ತಿದ್ದರಲ್ಲ, ಅದಕ್ಕೇ 'ಓರೆಗೆರೆ' ಎಂಬ ಹೆಸರು ಆರಿಸಿದ್ದೆ. ನಿನಗೆ, ನಿನ್ನ ಅಳಿಯನಿಗೆ, ಕೆಲಸ ಕೊಡುತ್ತೇನೆಂದಿದ್ದ ಆಟಿಕೆ ಅಂಗಡಿಯಾಕೆಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನೋಂದಾಯಿಸಲು ಹೋದರೆ ಆಗಲೇ ಯಾರೋ ಕೊಂಡುಬಿಟ್ಟಿದ್ದರು. ಯಾರೆಂದು ಕಾಣುವ ಹಾಗಿರಲಿಲ್ಲ. ನಿನ್ನನ್ನು ಬೈದದ್ದು ಆ ಸಿಟ್ಟಿನಲ್ಲಿ.

ಆಮೇಲೆ ಆಟಿಕೆ ಅಂಗಡಿಯಾಕೆ ದಾರಿಯಲ್ಲಿ ಸಿಕ್ಕಳು. "ನಿಮಗೆ ಬಿಡುವಿಲ್ಲ ಅಂತ ಬೇರೆಯವರಿಗೆ ಕೊಟ್ಟೆ" ಎಂದಳು. ನಾನು ಹಾಗೆ ಹೇಳಿಯೇ ಇರಲಿಲ್ಲ. ಓರೆಗೆರೆ ನನ್ನದೇ ಎಂದುಕೊಂಡು, ಆ ಹೆಸರಿನ ವೆಬ್‌ಸೈಟಿನಲ್ಲಿದ್ದ ಇಮೇಲ್ ವಿಳಾಸಕ್ಕೆ ಆಟಿಕೆ ಡಬ್ಬಿಗಳ ವಿನ್ಯಾಸ ಬೇಕೆಂದು ಬರೆದಿದ್ದಳಂತೆ. ಬಂದ ಉತ್ತರ ತೋರಿಸಿದಳು: "ಸದ್ಯಕ್ಕೆ ಅನುಕೂಲವಿಲ್ಲ, ದಯಮಾಡಿ ಮನ್ನಿಸಿ."

ದಯಮಾಡಿ ಮನ್ನಿಸಿ. ಹಾಲಿನವನಿಗೂ ಹೀಗೇ ಚೀಟಿ ಬರೆದಿಡುವವರು ಯಾರೆಂದು ನಿನಗೆ ಹೇಳಬೇಕೇ?

ಆದರೂ ಕಣ್ಣಾರೆ ಕಾಣದೆ ಗಂಡನ ಮೇಲೆ ಆಪಾದನೆ ಹೊರಿಸಬಾರದೆಂದು ಊಟದ ಹೊತ್ತಿಗೆ ಸುಮ್ಮನೆ ಒಂದು ಹೆಸರು ಬಿಟ್ಟೆ. "ಸೌತೆಬಳ್ಳಿ ಅಂತ ಇಡ್ತೀನಿ." ಅವರು ನಗಲಿಲ್ಲ. "ಚೆನ್ನಾಗಿದೆ" ಎಂದು ಅನ್ನ ಕಲಸಿದರು. ಬೆಳಿಗ್ಗೆ ನೋಡಿದರೆ ಸೌತೆಬಳ್ಳಿಯೂ ಮಾರಾಟವಾಗಿತ್ತು. ಈ ಭೂಮಿಯ ಮೇಲೆ ಅದು ಇನ್ಯಾರಿಗೆ ಬೇಕಿತ್ತು, ಅಮ್ಮ?

ಕೇಳಿದೆ. ಅವರು ಅಲ್ಲಗಳೆಯಲಿಲ್ಲ.

"ನೀನು ಯೋಚಿಸ್ತಾನೇ ಇರ್ತೀಯ. ಬೇರೆಯವರು ಹೊಡ್ಕೊಂಡು ಹೋಗ್ಬಾರ್ದು ಅಂತ ನಾನೇ ತಗೊಂಡೆ."

"ಹಾಗಾದ್ರೆ ನನಗೆ ವರ್ಗಾಯಿಸಿ."

"ಯಾರ ಹತ್ರ ಇದ್ರೇನು? ಮನೆ ಒಂದೇ ತಾನೆ."

"ಬಂದ ಕೆಲಸ ಯಾಕೆ ಬೇಡ ಅಂದ್ರಿ?"

"ನಿನಗೆ ಸುಸ್ತಾಗುತ್ತೆ ಅಂತ."

ಅಷ್ಟು ಮೆತ್ತಗೆ ಹೇಳಿದರು. ಒಂದು ಗಳಿಗೆ ನನಗೇ ಸುಸ್ತಾಗಿರಬಹುದು ಎನಿಸಿತು. ಇದಕ್ಕೆ ಮುಂಚೆ ಕೈತಪ್ಪಿದ ಕೆಲಸಗಳೆಲ್ಲ ಆಮೇಲೆ ಸಾಲಾಗಿ ನೆನಪಾದವು. ಹಳೆಯ ಕಚೇರಿಯವರು ಮತ್ತೆ ಕರೆಯದೇ ಹೋದದ್ದು, ಪುಸ್ತಕ ಪ್ರಕಾಶಕರು ಮಧ್ಯದಲ್ಲೇ ಮೌನವಾದದ್ದು. ಅವೆಲ್ಲ ತಾವಾಗಿಯೇ ಆದವೋ ಏನೋ. ನನಗಿನ್ನು ತಿಳಿಯುವುದಿಲ್ಲ. ಹೆಸರು ಹೋದದ್ದಕ್ಕಿಂತ ಅದೇ ಹೆಚ್ಚು ಕೊರೆಯುತ್ತಿದೆ.

ಓರೆಗೆರೆಯ ಆಸೆ ಬಿಟ್ಟೆ. ಬೇರೆ ಹೆಸರು ಸಿಕ್ಕಿದೆ, ನಾನೇ ನೋಂದಾಯಿಸಿದೆ. ಆಟಿಕೆ ಅಂಗಡಿಯಾಕೆಯೂ ಮುಂದಿನ ಡಬ್ಬಿಗಳನ್ನು ನನಗೇ ಒಪ್ಪಿಸಿದ್ದಾಳೆ. ಆದರೆ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. "ಏನತ್ತೆ, ಮಗಳು ಏನು ಹೆಸರಿಟ್ಟಳು?" ಎಂದು ಅಳಿಯ ನಯವಾಗಿ ಕೇಳಿದರೆ ನೀನು ಬೆಣ್ಣೆಯ ಹಾಗೆ ಕರಗುತ್ತೀಯ.

ನಾನು ಚೆನ್ನಾಗಿದ್ದೇನೆ. ಮನೆಯಲ್ಲಿ ಜಗಳವಿಲ್ಲ, ಜೊತೆಗೇ ಊಟ ಮಾಡುತ್ತೇವೆ. ಚಿಂತೆ ಮಾಡಬೇಡ.

ನಿನ್ನ
ಗಿರಗಿಟ್ಲೆ

ತಾ.ಕ.: ಉತ್ತರವನ್ನು ಲಕೋಟೆಯ ಹಿಂದಿರುವ ವಿಳಾಸಕ್ಕೇ ಬರೆ. ಅದು ಮನೆಯದಲ್ಲ, ಮುದ್ರಣಾಲಯದ ಮಹಡಿಯಲ್ಲಿ ಕೆಲಸಕ್ಕೆಂದು ಹಿಡಿದ ಕೋಣೆ. ಬೆಳಕು ಚೆನ್ನಾಗಿ ಬರುತ್ತದೆ. ಮೇಜು ಹಾಕಿಸಿದೆ. ನಿನ್ನೆ ಮಂಚವನ್ನೂ ತರಿಸಿದೆ.